ಹೋದ ದಾರಿಯಲ್ಲೇ ಮರಳುವ ಹಣ

ದತ್ತ ಜಯಂತಿಯ ಜಾತ್ರೆಗೆ ಮಾಣಿಕನಗರಕ್ಕೆ ಬಂದವರು ಗಮನಿಸಿರಬಹುದು. ಬಳೆ ಅಂಗಡಿ, ಬೆಂಡು ಬತ್ತಾಸಿನ ಅಂಗಡಿ, ಬಲೂನು ಹಿಡಿದು ನಿಂತ ಹುಡುಗ, ಎಲ್ಲರ ಬಳಿಯೂ ಕಪ್ಪು ಬಿಳುಪು ಚೌಕಗಳ ಕ್ಯೂಆರ್ ಕೋಡ್ ತೂಗುತ್ತಿರುತ್ತದೆ. ಜೇಬಿಗೆ ಕೈ ಹಾಕುವ ಬದಲು ಜನ ಮೊಬೈಲು ತೆಗೆಯುತ್ತಾರೆ. ಹಣ ಕೊಡುವುದು ಇಷ್ಟು ಸುಲಭವಾದ ಕಾಲ ಹಿಂದೆಂದೂ ಇರಲಿಲ್ಲ. ಆದರೆ ಕೊಟ್ಟ ಹಣ ಹಿಂದಕ್ಕೆ ಬರಬೇಕಾದ ಪ್ರಸಂಗ ಒದಗಿದರೆ ನಮ್ಮಲ್ಲಿ ಅನೇಕರು ಕಂಗಾಲಾಗುತ್ತೇವೆ. "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆ ಆಗ ನೆನಪಾಗುತ್ತದೆ.

ನನ್ನ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಪುಟ್ಟ ಸೌರಫಲಕ ಮತ್ತು ಮೋಟಾರು ಇದ್ದ ಕಿಟ್ಟೊಂದನ್ನು ಆನ್‌ಲೈನ್ ಅಂಗಡಿಯಿಂದ ತರಿಸಿದ. ಬೆಲೆ 749 ರೂಪಾಯಿ. ಹಣ ಹೋದದ್ದು ಅಪ್ಪನ ಮೊಬೈಲಿನ ವಾಲೆಟ್ಟಿನಿಂದ. ಪೆಟ್ಟಿಗೆ ಬಿಚ್ಚಿ ಜೋಡಿಸಿ ಬಿಸಿಲಿಗೆ ಹಿಡಿದರೆ ಮೋಟಾರು ತಿರುಗಲೇ ಇಲ್ಲ. ವಾಪಸು ಕಳಿಸಿದ. ಕೆಲವು ದಿನಗಳಲ್ಲಿ "ನಿಮ್ಮ ಹಣ ಮರುಪಾವತಿಯಾಗಿದೆ" ಎಂಬ ಸಂದೇಶ ಬಂತು.

ಹುಡುಗನ ತಂದೆ ಗೌಂಡಿ ಕೆಲಸದವರು. ಕೆಲಸ ಬಿಟ್ಟು ಹುಮನಾಬಾದಿನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿದರು. 749 ರೂಪಾಯಿ ಅಲ್ಲಿ ಕಾಣಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಹೋದರು. ಆಗಲೂ ಕಾಣಲಿಲ್ಲ. ಎರಡು ದಿನದ ಕೂಲಿ ಹೋಯಿತು. ಕೊನೆಗೆ ಮಗನನ್ನು ಕರೆದುಕೊಂಡು ಶಾಲೆಗೆ ಬಂದರು.

"ಬರ್ರಿ, ಕೂಡ್ರಿ" ಎಂದೆ.

"ಸರ್, ಅಂಗಡಿಯವ್ರು ರೊಕ್ಕ ಕೊಟ್ಟೀವಿ ಅಂತಾರ್ರಿ. ಬ್ಯಾಂಕಿನವ್ರು ಬಂದಿಲ್ಲ ಅಂತಾರ್ರಿ. ನಡುವ ರೊಕ್ಕ ಎಲ್ಲಿ ಹೋತ್ರಿ?"

ಇದು ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಅವರ ಕೈಯಲ್ಲಿದ್ದ ಮೊಬೈಲಿನಲ್ಲೇ ಇತ್ತು. ಆಪ್ ತೆರೆಸಿ, 'ವಾಲೆಟ್ ಬ್ಯಾಲೆನ್ಸ್' ಎಂಬಲ್ಲಿ ಒತ್ತಿಸಿದೆ. 749 ರೂಪಾಯಿ ಅಲ್ಲಿ ತಣ್ಣಗೆ ಕುಳಿತಿತ್ತು. ವಾರದ ಹಿಂದೆಯೇ ಬಂದಿತ್ತು!

ಬೆಳಕಿನ ಪಾಠ

ಬೆಳಕಿನ ಪ್ರತಿಫಲನದ ಪಾಠದಲ್ಲಿ ನಾವು ಮಕ್ಕಳಿಗೆ ಒಂದು ಮಾತು ಹೇಳುತ್ತೇವೆ. ಸಮತಲ ದರ್ಪಣದ ಮೇಲೆ ಲಂಬವಾಗಿ ಬಿದ್ದ ಕಿರಣ ತಾನು ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಡಿಜಿಟಲ್ ಪಾವತಿಯ ಮರುಪಾವತಿಗೂ ಇದೇ ಮೂಲಸೂತ್ರ. ವಾಲೆಟ್ಟಿನಿಂದ ಹೋದದ್ದು ವಾಲೆಟ್ಟಿಗೆ ಬರುತ್ತದೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಹೋದದ್ದು ಆ ಖಾತೆಗೇ ಬರುತ್ತದೆ. ಕಾರ್ಡಿನಿಂದ ಹೋದದ್ದು ಆ ಕಾರ್ಡಿನ ಲೆಕ್ಕಕ್ಕೆ ಸೇರುತ್ತದೆ. ಹಣ ಹೋದ ದಾರಿ ಯಾವುದೆಂದು ಗೊತ್ತಿದ್ದವನಿಗೆ ಎಲ್ಲಿ ಹುಡುಕಬೇಕೆಂಬುದೂ ಗೊತ್ತಿರುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ವಾಲೆಟ್ಟಿಗೂ ಯುಪಿಐಗೂ ಇರುವ ವ್ಯತ್ಯಾಸ ತಿಳಿಯದೆ. ಒಂದೇ ಆಪಿನಲ್ಲಿ ಎರಡೂ ಇರುವುದರಿಂದ ನೋಡಲು ಎರಡೂ ಒಂದೇ ಎನಿಸುತ್ತದೆ. 2016ರಲ್ಲಿ ಆರಂಭವಾದ ಯುಪಿಐ ನಿಮ್ಮ ಬ್ಯಾಂಕ್ ಖಾತೆಯಿಂದ ಅಂಗಡಿಯವರ ಖಾತೆಗೆ ನೇರವಾಗಿ ಹಾಕಿದ ಕೊಳವೆಯಂತೆ. ವಾಲೆಟ್ಟಾದರೋ ನಡುವೆ ಇಟ್ಟ ಕೊಡದಂತೆ. ಮೊದಲು ನೀವು ಬ್ಯಾಂಕಿನಿಂದ ಕೊಡಕ್ಕೆ ನೀರು ತುಂಬಿಸುತ್ತೀರಿ, ಬೇಕಾದಾಗ ಕೊಡದಿಂದ ಲೋಟಕ್ಕೆ ಬಗ್ಗಿಸುತ್ತೀರಿ. ಲೋಟದ ನೀರು ಬೇಡವೆಂದರೆ ಅದು ಮರಳುವುದು ಕೊಡಕ್ಕೆ, ಬಾವಿಗಲ್ಲ.

ಈ ಕೊಡಕ್ಕೆ ರಿಸರ್ವ್ ಬ್ಯಾಂಕಿನ ಕಡತಗಳಲ್ಲಿ 'ಪ್ರೀಪೇಯ್ಡ್ ಪಾವತಿ ಸಾಧನ' ಎಂದು ಹೆಸರು. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ ಅಡಿಯಲ್ಲಿ ರಿಸರ್ವ್ ಬ್ಯಾಂಕು ಇದನ್ನು ನಿಯಂತ್ರಿಸುತ್ತದೆ. ವಾಲೆಟ್ ನಡೆಸುವ ಸಂಸ್ಥೆ ಬ್ಯಾಂಕ್ ಅಲ್ಲದಿದ್ದರೆ, ಜನ ತುಂಬಿಸಿದ ಹಣವನ್ನು ಅದು ತನ್ನ ಖರ್ಚಿಗೆ ಬಳಸುವಂತಿಲ್ಲ. ಎಸ್ಕ್ರೋ ಎಂಬ ಪ್ರತ್ಯೇಕ ಖಾತೆಯಲ್ಲಿ ಬ್ಯಾಂಕೊಂದರಲ್ಲಿ ಇಟ್ಟಿರಬೇಕು. ಈ ಹಣಕ್ಕೆ ನಿಮಗೆ ಬಡ್ಡಿ ಸಿಗುವುದಿಲ್ಲ. ಬೇಕಾದಷ್ಟನ್ನೇ ತುಂಬಿಸಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಕೆಟ್ಟ ಪಾವತಿ, ರದ್ದಾದ ಖರೀದಿ

ಮರಳಿ ಬರುವ ಹಣದಲ್ಲಿ ಎರಡು ಬಗೆ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು ಪಾವತಿಯೇ ಕೆಟ್ಟುಹೋಗುವುದು. ನಿಮ್ಮ ಕಡೆ ಹಣ ಕಟ್ ಆಗಿದೆ, ಅಂಗಡಿಯವರಿಗೆ ಖಾತ್ರಿ ಸಂದೇಶ ಬಂದಿಲ್ಲ. ನೆಟ್‌ವರ್ಕ್ ಕೈಕೊಟ್ಟಾಗ ಆಗುವುದು ಇದೇ. ಇಲ್ಲಿ ಅಂಗಡಿಯವರ ತಪ್ಪಿಲ್ಲ, ಅವರೊಡನೆ ಜಗಳವಾಡಿ ಪ್ರಯೋಜನವೂ ಇಲ್ಲ. ಹಣವನ್ನು ಹಿಂದಕ್ಕೆ ತರಬೇಕಾದದ್ದು ಪಾವತಿ ವ್ಯವಸ್ಥೆ.

ಇದಕ್ಕೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಗಡುವುಗಳನ್ನು ಗೊತ್ತುಮಾಡಿತು. ಅಂಗಡಿಯವರದೂ ನಿಮ್ಮದೂ ಒಂದೇ ಕಂಪನಿಯ ವಾಲೆಟ್ ಆಗಿದ್ದರೆ, ವ್ಯವಹಾರ ನಡೆದ ದಿನದ ಮರುದಿನದೊಳಗೆ ಹಣ ನಿಮ್ಮ ವಾಲೆಟ್ಟಿಗೆ ಮರಳಬೇಕು. ಯುಪಿಐ ಮೂಲಕ ಅಂಗಡಿಗೆ ಕೊಟ್ಟದ್ದಾದರೆ ಐದು ದಿನಗಳ ಗಡುವು. ವಾಲೆಟ್ಟಿನ ಹಣವನ್ನೇ ಯುಪಿಐ ಮೂಲಕ ಬೇರೆಯವರ ಕ್ಯೂಆರ್ ಕೋಡಿಗೆ ಕೊಟ್ಟಿದ್ದರೂ ಯುಪಿಐ ನಿಯಮವೇ ಅನ್ವಯಿಸುತ್ತದೆ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು, ಅದೂ ನೀವು ಕೇಳುವ ಮೊದಲೇ.

ಉದಾಹರಣೆಗೆ, ತಿಂಗಳ 10ನೇ ತಾರೀಖು ಯುಪಿಐ ಮೂಲಕ ಅಂಗಡಿಗೆ 200 ರೂಪಾಯಿ ಕೊಟ್ಟಿರಿ, ಪಾವತಿ ಕೆಟ್ಟಿತು ಎನ್ನೋಣ. 15ರೊಳಗೆ ಹಣ ಮರಳಬೇಕು. 18ರಂದು ಬಂದರೆ ಮೂರು ದಿನದ ವಿಳಂಬ, 300 ರೂಪಾಯಿ ಪರಿಹಾರ. ಕೊಟ್ಟ ಹಣಕ್ಕಿಂತ ಪರಿಹಾರವೇ ಹೆಚ್ಚಾಯಿತು! ಈ ನಿಯಮ ಗೊತ್ತಿಲ್ಲದೆ ಸುಮ್ಮನಿರುವವರೇ ಬಹಳ.

ಎರಡನೆಯದು ಖರೀದಿ ರದ್ದಾಗುವುದು. ಪಾವತಿ ಸರಿಯಾಗಿಯೇ ಆಗಿದೆ. ಸಾಮಾನು ಕೆಟ್ಟದ್ದು ಬಂತು, ಅಥವಾ ನೀವೇ ಬೇಡವೆಂದಿರಿ. ನಮ್ಮ ಹುಡುಗನ ಕಿಟ್ಟಿನ ಕಥೆ ಈ ಬಗೆಯದು. ಇಲ್ಲಿ ಹಣ ಅಂಗಡಿಯವರನ್ನು ತಲುಪಿಬಿಟ್ಟಿರುತ್ತದೆ. ಅವರು ಒಪ್ಪಿ, ಮರುಪಾವತಿಯ ಆದೇಶ ಕೊಟ್ಟ ಮೇಲೆಯೇ ಅದು ಹಿಂದಕ್ಕೆ ಹೊರಡುತ್ತದೆ. ಅಂಗಡಿಯಿಂದ ಪಾವತಿ ಸಂಗ್ರಾಹಕ ಕಂಪನಿಗೆ, ಅಲ್ಲಿಂದ ವಾಲೆಟ್ ಕಂಪನಿಗೆ ಅಥವಾ ಬ್ಯಾಂಕಿಗೆ, ಕೊನೆಗೆ ನಿಮಗೆ. ದಿನಕ್ಕೆ 100 ರೂಪಾಯಿಯ ನಿಯಮ ಕೆಟ್ಟ ಪಾವತಿಗೆ ಮಾತ್ರ, ಅಂಗಡಿಯವರು ಮಾಡುವ ವಿಳಂಬಕ್ಕೆ ಅಲ್ಲ ಎಂಬುದನ್ನು ನೆನಪಿಡಬೇಕು. ಹಾಗೆಂದು ಅಂಗಡಿಯವರಿಗೆ ನಿಯಮವೇ ಇಲ್ಲವೆಂದಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಒಪ್ಪಿಕೊಂಡ ಮರುಪಾವತಿಯನ್ನು ಅವರು ಸಮಂಜಸ ಅವಧಿಯಲ್ಲಿ ಸಲ್ಲಿಸಬೇಕು. ದೂರು ಬಂದರೆ ಅವರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅಂಗಡಿಯಿಂದ ಹೊರಟ ಹಣ ವಾಲೆಟ್ ಕಂಪನಿಯನ್ನು ತಲುಪಿದ ಮೇಲೆ ತಡಮಾಡುವಂತಿಲ್ಲ. ರಿಸರ್ವ್ ಬ್ಯಾಂಕು 2021ರ ಆಗಸ್ಟ್ 27ರಂದು ಹೊರಡಿಸಿದ ನಿರ್ದೇಶನದಲ್ಲಿ, ವಾಲೆಟ್ಟಿನಿಂದ ಎಷ್ಟು ಹೋಗಿತ್ತೋ ಅಷ್ಟನ್ನು ತಕ್ಷಣವೇ ಅದೇ ವಾಲೆಟ್ಟಿಗೆ ಜಮಾ ಮಾಡಬೇಕೆಂದು ಹೇಳಿದೆ. ಹೀಗೆ ಜಮಾ ಮಾಡುವುದರಿಂದ ವಾಲೆಟ್ಟಿನ ಮಿತಿ ಮೀರಿದರೂ ಸರಿಯೇ. ಪೂರ್ಣ ಕೆವೈಸಿ ಇಲ್ಲದ ಸಣ್ಣ ವಾಲೆಟ್ಟಿನಲ್ಲಿ 10,000 ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ. ಆದರೆ ಅದರಲ್ಲಿ ಈಗಾಗಲೇ 9,800 ಇದ್ದು, 749 ಮರುಪಾವತಿ ಬಂದರೆ "ಜಾಗ ಇಲ್ಲ" ಎಂದು ಹಿಂದೂಡುವಂತಿಲ್ಲ.

ವಾಲೆಟ್ಟಿಗೆ ಬಂದದ್ದನ್ನು ಬ್ಯಾಂಕಿಗೆ ಹಾಕಿಕೊಳ್ಳಬಹುದೆ? ಇದು ಪೋಷಕರು ಕೇಳುವ ಮುಂದಿನ ಪ್ರಶ್ನೆ. ಅದೇ ನಿರ್ದೇಶನದ ಪ್ರಕಾರ, ಪೂರ್ಣ ಕೆವೈಸಿ ಆದ ವಾಲೆಟ್ಟಿನಿಂದ ಬ್ಯಾಂಕ್ ಖಾತೆಗೆ ಕಳಿಸಬಹುದು. ಸಣ್ಣ ವಾಲೆಟ್ಟಿನ ಹಣವನ್ನು ಖರೀದಿಗೆ ಮಾತ್ರ ಬಳಸಬಹುದು. ಆದರೆ ವಾಲೆಟ್ಟನ್ನೇ ಮುಚ್ಚುವುದಾದರೆ, ಉಳಿದ ಹಣವನ್ನು ಅದು ಬಂದ ಮೂಲಕ್ಕೆ ಮರಳಿಸಿಕೊಳ್ಳುವ ಹಕ್ಕು ನಿಮಗಿದೆ.

ಬೆಂಗಳೂರಿನ ಒಂದು ಪ್ರಕರಣ

ಮರುಪಾವತಿಯ ಹೆಸರಿನಲ್ಲಿ ಹಣದ ಬದಲು ಕೂಪನ್ ಕೊಡುವ ಪರಿಪಾಠ ಒಂದಿದೆ. "ಮುಂದಿನ ಖರೀದಿಗೆ ಬಳಸಿಕೊಳ್ಳಿ" ಎನ್ನುತ್ತಾರೆ. ಮುಂದಿನ ಖರೀದಿಯೇ ನಮಗೆ ಬೇಡವಾಗಿದ್ದರೆ?

ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಓಲಾ ಟ್ಯಾಕ್ಸಿ ಸಂಸ್ಥೆಯ ವಿಷಯದಲ್ಲಿ ಈ ಪ್ರಶ್ನೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮುಂದೆ ಬಂತು. ಪ್ರಯಾಣದ ಬಗ್ಗೆ ಗ್ರಾಹಕರು ಆಪಿನಲ್ಲಿ ದೂರು ಕೊಟ್ಟರೆ, ಮುಂದಿನ ಸವಾರಿಗೆ ಬಳಸುವ ಕೂಪನ್ ಮಾತ್ರ ಸಿಗುತ್ತಿತ್ತು, ಬ್ಯಾಂಕ್ ಖಾತೆಗೆ ಹಣ ಪಡೆಯುವ ಆಯ್ಕೆ ಸ್ಪಷ್ಟವಾಗಿ ಇರಲಿಲ್ಲ. ಇದು ಗ್ರಾಹಕರ ಹಕ್ಕಿಗೆ ವಿರುದ್ಧವೆಂದ ಪ್ರಾಧಿಕಾರ, ಹಣವನ್ನು ಬ್ಯಾಂಕ್ ಖಾತೆಗೆ ಪಡೆಯಬೇಕೋ ಕೂಪನ್ ಪಡೆಯಬೇಕೋ ಎಂಬುದನ್ನು ಗ್ರಾಹಕರೇ ಆರಿಸುವಂತೆ ವ್ಯವಸ್ಥೆ ಮಾಡಬೇಕೆಂದು ಆದೇಶಿಸಿತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ಪ್ರಕಟಿಸಿತು.

ಪಾವತಿ ಸಂಗ್ರಾಹಕ ಕಂಪನಿಗಳಿಗೆ ರಿಸರ್ವ್ ಬ್ಯಾಂಕು 2020ರ ಮಾರ್ಚ್ 17ರಂದು ಹೊರಡಿಸಿದ ಮಾರ್ಗಸೂಚಿಯೂ ಇದೇ ಮಾತನ್ನು ಹೇಳಿತ್ತು. ಗ್ರಾಹಕರು ಬೇರೆ ವಿಧಾನಕ್ಕೆ ಸ್ಪಷ್ಟವಾಗಿ ಒಪ್ಪದ ಹೊರತು, ಮರುಪಾವತಿ ಮೂಲ ವಿಧಾನಕ್ಕೇ ಆಗಬೇಕು. "ಸ್ಪಷ್ಟವಾಗಿ ಒಪ್ಪದ ಹೊರತು" ಎಂಬ ಮಾತನ್ನು ಅಡಿಗೆರೆ ಹಾಕಿ ಓದಬೇಕು. ರದ್ದು ಮಾಡುವಾಗ ಪರದೆಯ ಮೇಲೆ ಎರಡು ಆಯ್ಕೆ ಬರುತ್ತವೆ. 'ನಮ್ಮ ಅಂಗಡಿಯ ವಾಲೆಟ್ಟಿಗೆ, ಈಗಲೇ' ಎಂಬುದು ಒಂದು. 'ಮೂಲ ಪಾವತಿ ವಿಧಾನಕ್ಕೆ, ಕೆಲವು ದಿನಗಳಲ್ಲಿ' ಎಂಬುದು ಇನ್ನೊಂದು. ಅವಸರದಲ್ಲಿ ಮಕ್ಕಳು ಮೊದಲನೆಯದನ್ನು ಒತ್ತುತ್ತಾರೆ. ಆ ಒಂದು ಒತ್ತುವಿಕೆಯೇ ನಿಮ್ಮ ಒಪ್ಪಿಗೆ. ಅಂಗಡಿಯವರ ಸ್ವಂತ ವಾಲೆಟ್ಟಿಗೆ ಸೇರಿದ ಹಣವನ್ನು ಆ ಅಂಗಡಿಯಲ್ಲಿ ಮಾತ್ರ ಖರ್ಚು ಮಾಡಬಹುದು. ಕಾಲೇಜಿನ ಶುಲ್ಕಕ್ಕೋ ಮನೆಯ ಸಂತೆಗೋ ಅದು ಬರುವುದಿಲ್ಲ. ತಾಳಿದವನು ಬಾಳಿಯಾನು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ವಾಲೆಟ್ಟೇ ನಿಂತುಹೋದರೆ?

2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿದಾಗ ಊರೂರಿನಲ್ಲಿ ಗಾಬರಿಯಾದದ್ದು ಓದುಗರಿಗೆ ನೆನಪಿರಬಹುದು. ಆ ವರ್ಷದ ಮಾರ್ಚ್ 15ರ ನಂತರ ಅದರ ವಾಲೆಟ್ಟುಗಳಿಗೆ ಹೊಸದಾಗಿ ಹಣ ತುಂಬಿಸುವಂತಿರಲಿಲ್ಲ. ಆದರೆ ಆ ಆದೇಶದಲ್ಲೇ ಒಂದು ವಿನಾಯಿತಿ ಇತ್ತು. ಬಡ್ಡಿ, ಕ್ಯಾಶ್‌ಬ್ಯಾಕ್ ಮತ್ತು ಮರುಪಾವತಿಯ ಹಣವನ್ನು ಯಾವಾಗ ಬೇಕಾದರೂ ಜಮಾ ಮಾಡಬಹುದಿತ್ತು. ಉಳಿಕೆ ಹಣವನ್ನು ಬಳಸಲು, ಹಿಂಪಡೆಯಲು ಅವಕಾಶವೂ ಇತ್ತು. ಹೊಸ ಹಣಕ್ಕೆ ಬಾಗಿಲು ಮುಚ್ಚಿದಾಗಲೂ, ಮನೆಗೆ ಮರಳುವ ಹಣಕ್ಕೆ ಕಿಂಡಿ ತೆರೆದಿಡಲಾಗಿತ್ತು.

ಪೂರ್ತಿ ಹಣ ಏಕೆ ಬರಲಿಲ್ಲ?

ಕೆಲವೊಮ್ಮೆ ಹಣ ಬರುತ್ತದೆ, ಆದರೆ ಕೊಟ್ಟಷ್ಟು ಬಂದಿಲ್ಲ ಎನಿಸುತ್ತದೆ. 1,000 ರೂಪಾಯಿಯ ಪುಸ್ತಕ ಕೊಳ್ಳುವಾಗ 300 ವಾಲೆಟ್ಟಿನಿಂದ, 700 ಬ್ಯಾಂಕಿನಿಂದ ಹೋಗಿದ್ದರೆ ಮರುಪಾವತಿಯೂ ಎರಡು ಕಡೆಗೆ ಹಂಚಿಹೋಗುತ್ತದೆ. ಒಂದನ್ನೇ ನೋಡಿ "ಮೋಸವಾಯಿತು" ಎನ್ನಬಾರದು. ಕ್ಯಾಶ್‌ಬ್ಯಾಕ್ ಸಿಕ್ಕಿದ್ದರೆ, ಖರೀದಿ ರದ್ದಾದಾಗ ಷರತ್ತಿನಂತೆ ಅದನ್ನು ಹಿಡಿದುಕೊಳ್ಳುವುದುಂಟು. ಟಿಕೆಟ್ ಮುಂತಾದವುಗಳಲ್ಲಿ ಸೇವಾ ಶುಲ್ಕ ಮರಳದೆ ಇರಬಹುದು.

ಇದು ಹೊಸದೇನಲ್ಲ. ನಾನು ಅಂದಿನ ಗುಲಬರ್ಗಾದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ ಅಪ್ಪ ಮನಿಯಾರ್ಡರ್ ಮಾಡಿದ್ದರು. ನಾನು ಹೇಳದೆ ಕೋಣೆ ಬದಲಿಸಿದ್ದೆ. ಅಂಚೆಯವರು ಹುಡುಕಿ ಸಿಗದೆ, ಹಣ ಹೋದ ದಾರಿಯಲ್ಲೇ ಊರಿಗೆ ಮರಳಿತು. ಅಪ್ಪನಿಗೆ ಹಣ ಸಿಕ್ಕಿತು, ಕಮಿಷನ್ ಸಿಗಲಿಲ್ಲ. ನನಗೆ ಆ ತಿಂಗಳು ಮೆಸ್ಸಿನ ಸಾಲವಾಯಿತು. ಆದರೆ ಅಪ್ಪನ ಪೆಟ್ಟಿಗೆಯಲ್ಲಿ ಮನಿಯಾರ್ಡರಿನ ರಸೀದಿ ಭದ್ರವಾಗಿತ್ತು. ಆ ಅಭ್ಯಾಸವನ್ನು ನಾವು ಮೊಬೈಲಿನ ಕಾಲದಲ್ಲಿ ಬಿಟ್ಟಿದ್ದೇವೆ.

ನಿಜವಾದ ಅಪಾಯ

ಹುಡುಗನ ತಂದೆಯ ಕಥೆಯಲ್ಲಿ ಇನ್ನೊಂದು ಭಾಗವಿದೆ. ನಡುವೆ ಯಾರೋ ನೆರೆಯವರು ಇಂಟರ್‌ನೆಟ್ಟಿನಲ್ಲಿ ಹುಡುಕಿ 'ಕಸ್ಟಮರ್ ಕೇರ್' ನಂಬರೊಂದನ್ನು ಕೊಟ್ಟಿದ್ದರು. ಆ ಕಡೆಯವನು ನಯವಾಗಿ ಮಾತನಾಡಿ, "ಒಂದು ಆಪ್ ಹಾಕಿಕೊಳ್ಳಿ, ನಿಮ್ಮ ಪರದೆ ನನಗೆ ಕಾಣಬೇಕು, ಆಮೇಲೆ ಪಿನ್ ಒತ್ತಿ, ರೀಫಂಡ್ ಬರುತ್ತದೆ" ಎಂದನಂತೆ. ಅಷ್ಟರಲ್ಲಿ ಮೊಬೈಲಿನ ಚಾರ್ಜು ಮುಗಿಯಿತು. ಅದೇ ಅವರನ್ನು ಉಳಿಸಿತು. ಪಿನ್ ಒತ್ತಿದ್ದರೆ 749ರ ಆಸೆಗೆ ಖಾತೆಯಲ್ಲಿದ್ದ ಮಗಳ ಮದುವೆಯ ಹಣವೇ ಹೋಗುತ್ತಿತ್ತು.

ಆದ್ದರಿಂದ ಒಂದು ನಿಯಮವನ್ನು ಮನೆಯ ಎಲ್ಲರೂ ಬಾಯಿಪಾಠ ಮಾಡಬೇಕು. ಹಣ ಕೊಡುವುದಕ್ಕೆ ಪಿನ್ ಬೇಕು, ಪಡೆಯುವುದಕ್ಕೆ ಬೇಡ. ರೀಫಂಡಿಗಾಗಿ ಯಾವ ಕ್ಯೂಆರ್ ಕೋಡನ್ನೂ ಸ್ಕ್ಯಾನ್ ಮಾಡಬೇಕಿಲ್ಲ, ಒಟಿಪಿ ಹೇಳಬೇಕಿಲ್ಲ, ಬೇರೆ ಆಪ್ ಹಾಕಿಕೊಳ್ಳಬೇಕಿಲ್ಲ. ಸಹಾಯವಾಣಿಯ ಸಂಖ್ಯೆಯನ್ನು ಆಯಾ ಆಪಿನ ಒಳಗಿನಿಂದಲೇ ತೆಗೆದುಕೊಳ್ಳಬೇಕು. ಅಕಸ್ಮಾತ್ ಮೋಸ ಹೋದರೆ ಸಂಕೋಚಪಡದೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ವಾಲೆಟ್ ಕಂಪನಿಗೂ ತಿಳಿಸಬೇಕು. ಹೇಳಲು ತಡವಾದಷ್ಟೂ ಹಣ ಕೈತಪ್ಪುವ ಸಂಭವ ಹೆಚ್ಚು.

ದೂರು ಎಲ್ಲಿ ಕೊಡಬೇಕು?

ತಪ್ಪು ಎಲ್ಲಿದೆಯೋ ಅಲ್ಲಿ. ಪಾವತಿ ಕೆಟ್ಟು ಹಣ ಮರಳದಿದ್ದರೆ ಮೊದಲು ವಾಲೆಟ್ ಕಂಪನಿಗೆ ಅಥವಾ ಬ್ಯಾಂಕಿಗೆ ದೂರು ಕೊಟ್ಟು, ದೂರಿನ ಸಂಖ್ಯೆ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448.

ಅಂಗಡಿಯವರೇ ಹಣ ಕೊಡಲು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲಿಯೂ ಮಾತನಾಡಬಹುದು. ಅದಕ್ಕೂ ಜಗ್ಗದಿದ್ದರೆ ಬೀದರಿನಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದಾಗಿ, ಅಂಗಡಿ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಎಲ್ಲಿ ದೂರಿದರೂ ಮೊದಲು ಕೇಳುವುದು ವ್ಯವಹಾರದ ಸಂಖ್ಯೆ. ಯುಪಿಐನಲ್ಲಿ ಇದು 12 ಅಂಕಿಗಳದ್ದು. ಅಂಗಡಿಯವರು "ರೀಫಂಡ್ ಮಾಡಿದ್ದೇವೆ" ಎಂದರೆ "ಅದರ ಉಲ್ಲೇಖ ಸಂಖ್ಯೆ ಕೊಡಿ" ಎಂದು ಕೇಳಿ. ಆ ಸಂಖ್ಯೆ ಹಿಡಿದರೆ ಹಣ ಯಾವ ನಿಲ್ದಾಣದಲ್ಲಿ ನಿಂತಿದೆ ಎಂದು ಬ್ಯಾಂಕಿನವರಾಗಲಿ ವಾಲೆಟ್ಟಿನವರಾಗಲಿ ಹುಡುಕಬಲ್ಲರು. ಸಂಖ್ಯೆ ಇಲ್ಲದ ದೂರು ವಿಳಾಸವಿಲ್ಲದ ಪತ್ರದಂತೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಅಪ್ಪ ಅಮ್ಮನ ಮೊಬೈಲಿನಿಂದ ಏನನ್ನಾದರೂ ತರಿಸುವಾಗ, ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಐದು ಸಂಗತಿ ಬರೆದಿಡಿ. ದಿನಾಂಕ, ಅಂಗಡಿಯ ಹೆಸರು, ಮೊತ್ತ, ಹಣ ಹೋದ ದಾರಿ, ವ್ಯವಹಾರದ ಸಂಖ್ಯೆ. ಪ್ರಯೋಗಶಾಲೆಯಲ್ಲಿ ಎಣಿಕೆಗಳನ್ನು ಆಗಿಂದಾಗ್ಗೆ ಬರೆದಿಡುತ್ತೀರಲ್ಲ, ಹಾಗೆ. ಪೋಷಕರಿಗೂ ಒಂದು ಮಾತು. ಹಣ ಕಟ್ ಆಯಿತೆಂದು ಮಕ್ಕಳು ಹೆದರಿ ಮುಚ್ಚಿಟ್ಟರೆ ದೂರು ಕೊಡುವ ದಿನಗಳು ಜಾರಿಹೋಗುತ್ತವೆ. ಬೈಯುವುದನ್ನು ಆಮೇಲೆ ಬೈಯಿರಿ, ಮೊದಲು ಮಾತು ಕೇಳಿ.

ನಮ್ಮ ಹುಡುಗ ಅದೇ 749 ರೂಪಾಯಿಯಲ್ಲಿ ಬೇರೊಂದು ಕಿಟ್ ತರಿಸಿದ. ಈ ಸಲ ಮೋಟಾರು ತಿರುಗಿತು. ವಸ್ತುಪ್ರದರ್ಶನದ ದಿನ ಅವನ ತಂದೆಯೂ ಬಂದಿದ್ದರು. ಮಾದರಿಯನ್ನು ನೋಡಿ, ಜೇಬಿನಿಂದ ಸಣ್ಣ ಪಾಕೆಟ್ ಡೈರಿ ತೆಗೆದು ತೋರಿಸಿದರು. ಮೊದಲ ಪುಟದಲ್ಲಿ ತಾರೀಖು, ಅಂಗಡಿ, ಮೊತ್ತ, 'ವಾಲೆಟ್', ಅದರ ಕೆಳಗೆ ಉದ್ದನೆಯ ಸಂಖ್ಯೆ. ಅಕ್ಷರ ಮಗನದು.

"ಇನ್ಮ್ಯಾಲೆ ಹುಡುಕ್ಕೋತ ಬ್ಯಾಂಕಿಗೆ ಹೋಗಂಗಿಲ್ರಿ ಸರ್" ಎಂದರು.